ಬೊಳ್ಳುವಿನ ಒದ್ದೆ ಗದ್ದ

ಮಳೆಗಾಲದ ಆಟಿ ತಿಂಗಳ ಅಮಾವಾಸ್ಯೆಯ ದಿನ ನಮ್ಮ ಬೆಳ್ಳಾರೆಯಲ್ಲಿ ಯಾರು ಬಾಯಿ ತೆರೆದರೂ ಬೆಳ್ಳುಳ್ಳಿ, ಓಮದ ವಾಸನೆ. ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕಾಳುಮೆಣಸು, ಓಮ, ಬೆಳ್ಳುಳ್ಳಿಯ ಜೊತೆ ಅರೆದು ಸೋಸಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಅದರೊಳಗೆ ಹಾಕಿ ಚುಂಯ್ ಎನ್ನಿಸಿದ ಕಷಾಯವನ್ನು ಮನೆಮಂದಿಯೆಲ್ಲ ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಕುಡಿದರೆ ವರ್ಷವಿಡೀ ಕಾಯಿಲೆ ಹತ್ತಿರ ಸುಳಿಯುವುದಿಲ್ಲವೆಂಬ ನಂಬಿಕೆ. ಅದು ಎಂಥ ಕಹಿಯೆಂದರೆ, ಕಾಯಿಲೆಯೇ ವಾಸಿ ಅನ್ನಿಸುತ್ತದೆ. ಆಮೇಲೆ ಹೊಟ್ಟೆ ತಂಪಾಗಲೆಂದು ಬೆಲ್ಲ, ತೆಂಗಿನ ಹಾಲು ಹಾಕಿದ ಮೆಂತೆ ಗಂಜಿ. ನಾನು ಪಶುವೈದ್ಯೆ, ನಾಲ್ಕು ಅಕ್ಷರ ಕಲಿತವಳು. ಆದರೂ ಪ್ರತಿ ವರ್ಷ ಮೂಗು ಹಿಡಿದುಕೊಂಡು ಕುಡಿಯುತ್ತೇನೆ. ಆ ದಿನವೂ ಕುಡಿದೇ ಕ್ಲಿನಿಕ್ಕಿನ ಬಾಗಿಲು ತೆರೆದಿದ್ದೆ.

ಮಧ್ಯಾಹ್ನ ಊಟಕ್ಕೆ ಏಳಬೇಕು ಎನ್ನುವಷ್ಟರಲ್ಲಿ ಹೊಲಿಗೆ ಅಂಗಡಿಯ ಅಕ್ಕ ತಂಗಿ ಪ್ಲಾಸ್ಟಿಕ್ ಬುಟ್ಟಿ ಹಿಡಿದುಕೊಂಡು ಬಂದರು. ಬುಟ್ಟಿಯ ಮೇಲೆ ಬ್ಲೌಸಿನ ಲೈನಿಂಗ್ ಬಟ್ಟೆ ಮುಚ್ಚಿತ್ತು. ಒಳಗೆ ಇದ್ದವನು ಬೊಳ್ಳು, ಅವರ ಬಿಳಿ ಮೊಲ.

ಈ ಮೂವರ ಪರಿಚಯ ನನಗೆ ಮೊದಲೇ ಇತ್ತು. ಬಸ್ ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಇಬ್ಬರೂ ಮದುವೆಯಾದವರಲ್ಲ. ತಾಯಿ ಬೇಗ ತೀರಿಕೊಂಡದ್ದರಿಂದ ತಂಗಿಯನ್ನು ಎತ್ತಿ ಆಡಿಸಿ ಸಾಕಿದವಳು ಅಕ್ಕನೇ. ತಂಗಿಗೆ ನಲವತ್ತು ದಾಟಿದ ಮೇಲೂ ಮಳೆಯಲ್ಲಿ ಹೊರಟರೆ ಅಕ್ಕ ಕೊಡೆ ಹಿಡಿದುಕೊಂಡು ಹಿಂದೆ ಓಡುತ್ತಾಳೆ. ಒಮ್ಮೆ ನೂಲು ತರಲು ಪುತ್ತೂರಿನ ಸಂತೆಗೆ ಹೋದ ತಂಗಿ, ಮಾಂಸಕ್ಕೆಂದು ಮಾರುತ್ತಿದ್ದ ಪಂಜರದಿಂದ ಈ ಮೊಲವನ್ನು ಬಿಡಿಸಿಕೊಂಡು ಬಂದಿದ್ದಳು. ನೂಲು ತರಲು ಮರೆತಿದ್ದಳು. ತುಳುವಿನಲ್ಲಿ ಬಿಳಿಯದಕ್ಕೆ ಇಡುವ ಹೆಸರನ್ನೇ ಇಟ್ಟು ಬೊಳ್ಳು ಎಂದು ಕರೆದಳು. ‘ಕರು ಹಾಕುದಿಲ್ಲ, ಮೊಟ್ಟೆ ಇಡುದಿಲ್ಲ, ಇದಕ್ಕೆ ಹುಲ್ಲು ತರುವ ಹಣೆಬರಹ ಎಂತಕ್ಕೆ?’ ಎಂದು ಅಕ್ಕ ಊರಿಗೆಲ್ಲ ಕೇಳುವಂತೆ ಗೊಣಗಿದಳು. ವಾರ ಕಳೆಯುವುದರೊಳಗೆ ತೋಡಿನ ಬದಿಯಲ್ಲಿ ಗರಿಕೆ ಹುಡುಕುತ್ತಿದ್ದವಳು ಅವಳೇ.

ಮೊದಲ ಸಲ ಅವರು ಬಂದದ್ದು ಕಣ್ಣಿಗೆ ಡ್ರಾಪ್ಸ್ ಕೇಳಿಕೊಂಡು. ‘ಕಣ್ಣು ಕೆಂಪಾಗಿ ಉಂಟು ಡಾಕ್ಟ್ರೆ, ಯಾರ ದೃಷ್ಟಿ ತಾಗಿತೋ’ ಎಂದಿದ್ದಳು ಅಕ್ಕ. ನಾನು ನಕ್ಕುಬಿಟ್ಟಿದ್ದೆ. ಅದು ಹುಟ್ಟು ಬಿಳಿ, ಮೈಯಲ್ಲಿ ಬಣ್ಣವೇ ಇಲ್ಲ, ಕಣ್ಣಿನಲ್ಲೂ ಇಲ್ಲ. ಹಾಗಾಗಿ ಹಿಂದಿನ ರಕ್ತ ಹಾಗೇ ಕಾಣುತ್ತದೆ ಎಂದು ವಿವರಿಸಿದೆ. ಬಿಸಿಲಿಗೆ ಬಿಡಬೇಡಿ, ಅಂಥ ಕಣ್ಣಿಗೆ ಬೆಳಕು ಚುಚ್ಚುತ್ತದೆ ಎಂದೂ ಹೇಳಿದೆ. ಅಂದಿನಿಂದ ಅವನ ಸಂಸಾರ ಹೊಲಿಗೆ ಯಂತ್ರದ ಕೆಳಗಿನ ಮಬ್ಬಿನಲ್ಲಿ, ಬಟ್ಟೆ ಚೂರುಗಳ ನಡುವೆ ಸಾಗಿತು. ತಂಗಿ ಪೆಡಲು ತುಳಿಯುತ್ತಾ ಹಾಡು ಗುನುಗಿದರೆ ಅವನು ಎಡಕ್ಕೂ ಬಲಕ್ಕೂ ತಲೆ ತೂಗುತ್ತಿದ್ದ. ‘ನೋಡಿ, ತಾಳ ಹಾಕುದು!’ ಎಂದು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಆ ಮಧ್ಯಾಹ್ನ ಅವನು ಮೈ ಗುಡ್ಡೆ ಮಾಡಿಕೊಂಡು ಕುಳಿತಿದ್ದ. ಹಲ್ಲು ಕರಕರ ಎನ್ನುತ್ತಿತ್ತು. ಮೊಲ ಕಿರುಚುವ ಜಾತಿಯಲ್ಲ. ನೋವನ್ನು ಹೀಗೆ ಹಲ್ಲು ಕಡಿದು ಹೇಳುತ್ತದೆ, ಅದೂ ಕಿವಿ ಹತ್ತಿರ ಇಟ್ಟವರಿಗೆ ಮಾತ್ರ.

‘ಎಂತ ತಿಂದದ್ದು?’ ಎಂದು ಕೇಳಿದೆ.

‘ಗರಿಕೆ ಮಾತ್ರ’ ಎಂದಳು ತಂಗಿ, ನಾನು ಕೇಳಿ ಮುಗಿಸುವ ಮೊದಲೇ. ‘ಬೆಳಿಗ್ಗೆಯಿಂದ ಅದನ್ನೂ ಮುಟ್ಟಲಿಲ್ಲ.’

‘ಬೇರೆ ಎಂತಾದರೂ? ಹಿಂಡಿ, ಬಿಸ್ಕತ್ತು, ಮನೆಮದ್ದು?’

‘ಇಲ್ಲ ಡಾಕ್ಟ್ರೆ.’

ಅಕ್ಕ ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತಿದ್ದಳು.

ಹೊಟ್ಟೆ ಮುಟ್ಟಿದೆ. ಕಲಸಿಟ್ಟ ಚಪಾತಿ ಹಿಟ್ಟಿನ ಹಾಗೆ ಗಟ್ಟಿ. ಸ್ಟೆತಸ್ಕೋಪ್ ಇಟ್ಟರೆ ಕರುಳಿನ ಸದ್ದು ಎಲ್ಲೋ ದೂರದಲ್ಲಿ ಒಮ್ಮೆ ಕೇಳಿ ನಿಂತಿತು. ಮೊಲದ ಕರುಳು ಸದಾ ಓಡುತ್ತಿರಬೇಕು. ನಿಂತಿತೋ, ಹೊಟ್ಟೆಯಲ್ಲಿದ್ದದ್ದು ಕೊಳೆತು ಗಾಳಿ ತುಂಬುತ್ತದೆ, ನೋವಿಗೆ ಇನ್ನಷ್ಟು ಉಪವಾಸ ಬೀಳುತ್ತದೆ. ವಾಂತಿ ಮಾಡಿ ಹಗುರಾಗುವ ಭಾಗ್ಯವೂ ಅದಕ್ಕಿಲ್ಲ. ಹೀಗಾದದ್ದು ಯಾಕೆ ಎಂಬುದಷ್ಟೇ ನನಗೆ ಬೇಕಿದ್ದ ಉತ್ತರ. ಆಗ ಕಣ್ಣಿಗೆ ಬಿದ್ದದ್ದು ಗದ್ದ. ಗದ್ದದ ಕೆಳಗಿನ ರೋಮವೆಲ್ಲ ಒದ್ದೆಯಾಗಿ ಅಂಟಿಕೊಂಡಿತ್ತು.

ಮೊಲದ ಗದ್ದ ಒದ್ದೆಯಾದರೆ ಜೊಲ್ಲು, ಜೊಲ್ಲೆಂದರೆ ಹಲ್ಲು. ಜೀವನವಿಡೀ ಬೆಳೆಯುವ ದವಡೆ ಹಲ್ಲಿನಲ್ಲಿ ಚೂಪು ಎದ್ದು ನಾಲಿಗೆಗೆ ಚುಚ್ಚಿದರೆ ಮೊಲ ಮೇವು ಬಿಡುತ್ತದೆ, ಮೇವು ಬಿಟ್ಟರೆ ಕರುಳು ನಿಲ್ಲುತ್ತದೆ. ಲೆಕ್ಕ ಸರಿಹೋಯಿತು. ಈಗ ಯೋಚಿಸಿದರೆ, ಅವನ ಬಾಯಿಂದ ಬೆಳ್ಳುಳ್ಳಿಯ ವಾಸನೆ ಬಂದಿರಲೇಬೇಕು. ಆದರೆ ನನ್ನ ಬಾಯಿಂದಲೂ ಬರುತ್ತಿತ್ತು, ಅವರಿಬ್ಬರ ಬಾಯಿಂದಲೂ ಬರುತ್ತಿತ್ತು. ಬೆಳ್ಳಾರೆ ಇಡೀ ಅದೇ ವಾಸನೆಯಲ್ಲಿ ಮುಳುಗಿದ್ದ ದಿನ ಅದು.

ಎಚ್ಚರವಿರುವ ಮೊಲದ ದವಡೆ ನೋಡಲಾಗುವುದಿಲ್ಲ. ಮಂಪರಿನ ಮದ್ದು ಕರುಳನ್ನು ಮತ್ತಷ್ಟು ನಿಧಾನ ಮಾಡುತ್ತದೆಂದು ಗೊತ್ತಿತ್ತು. ಹಲ್ಲೇ ಮೂಲವಾದರೆ ಬೇರೆ ದಾರಿಯಿಲ್ಲವೆಂದು ಅಳೆದು ತೂಗಿ ಸಣ್ಣ ಪ್ರಮಾಣದಲ್ಲಿ ಕೊಟ್ಟೆ. ಕಿವಿ ನೋಡುವ ದೀಪದ ಕೊಳವೆಯನ್ನು ಬಾಯಿಗಿಟ್ಟು ಇಣುಕಿದೆ. ಕೆಳದವಡೆಯ ಎಡಕ್ಕೆ ಒಂದು ಚೂಪು ಸಿಕ್ಕಿತು. ಅರದಿಂದ ಉಜ್ಜಿ ನಯ ಮಾಡಿದೆ. ಹುಡುಕುತ್ತಾ ಕುಳಿತರೆ ಎಷ್ಟೋ ಮೊಲಗಳ ಬಾಯಲ್ಲಿ ಅಂಥದೊಂದು ಚೂಪು ಸಿಗುತ್ತದೆ. ಆದರೆ ಬೇಕಾದದ್ದು ಸಿಕ್ಕ ಖುಷಿಯಲ್ಲಿ ಅದೆಲ್ಲ ಯಾರಿಗೆ ನೆನಪಾಗುತ್ತದೆ? ನೋವಿನ ಇಂಜೆಕ್ಷನ್, ಚರ್ಮದಡಿಗೆ ಬೆಚ್ಚಗಿನ ಸಲೈನ್, ಗಾಳಿ ಹೋಗಲು ಎಳೆಮಕ್ಕಳಿಗೆ ಕೊಡುವ ಡ್ರಾಪ್ಸ್ ಕೊಟ್ಟು, ‘ನಾಳೆಗೆ ತಿನ್ನಲಿಕ್ಕೆ ಶುರು ಮಾಡ್ತಾನೆ’ ಎಂದು ಕಳುಹಿಸಿದೆ.

ಮರುದಿನ ಅವನ ಮೈ ತಣ್ಣಗಾಗಿತ್ತು. ಜ್ವರಕ್ಕಿಂತ ಮೊಲದ ತಣ್ಣನೆಯ ಮೈ ನನಗೆ ಹೆಚ್ಚು ಹೆದರಿಕೆ. ಬುಟ್ಟಿಯೊಳಗೆ ಒಂದು ಹಿಕ್ಕೆಯೂ ಬಿದ್ದಿರಲಿಲ್ಲ. ಅವನನ್ನು ಕ್ಲಿನಿಕ್ಕಿನಲ್ಲೇ ಇಟ್ಟುಕೊಂಡೆ. ಬಿಸಿನೀರಿನ ರಬ್ಬರು ಚೀಲದ ಮೇಲೆ ಟವೆಲ್ ಹಾಸಿ ಮಲಗಿಸಿದೆ. ಕಿಟಕಿಗೆ ಗೋಣಿ ಕಟ್ಟಿ ಬೆಳಕು ತಗ್ಗಿಸಿದೆ. ಕಿವಿಯನ್ನು ದೀಪಕ್ಕೆ ಹಿಡಿದರೆ ಅಂಚಿನ ರಕ್ತನಾಳ ಸ್ಪಷ್ಟವಾಗಿ ಕಾಣುತ್ತದೆ, ಬಿಳಿ ಮೊಲದಲ್ಲಿ ವೈದ್ಯರಿಗೆ ಸಿಗುವ ಸೌಕರ್ಯ ಅದೊಂದೇ. ಅಲ್ಲಿ ಸಣ್ಣ ಸೂಜಿ ಕೂರಿಸಿ ಸಲೈನ್ ಹನಿಸಿದೆ. ಆಟಿಯ ಮಳೆಯಲ್ಲಿ ಒಣಹುಲ್ಲು ಎಲ್ಲಿಂದ ತರುವುದು? ಗರಿಕೆಯನ್ನೇ ಬಾಣಲೆಯಲ್ಲಿ ಬಾಡಿಸಿ, ಮಿಕ್ಸಿಯಲ್ಲಿ ಪುಡಿ ಮಾಡಿ, ನೀರಲ್ಲಿ ಕಲಸಿ ಸಿರಿಂಜಿನಲ್ಲಿ ದವಡೆಯ ಸಂದಿಗೆ ಹನಿಹನಿ ಬಿಟ್ಟೆ. ನುಂಗಿದ್ದಕ್ಕಿಂತ ನನ್ನ ತೋಳಿನ ಮೇಲೆ ಸುರಿದದ್ದೇ ಹೆಚ್ಚು.

ಆ ದಿನ ಸಂಜೆ ಅಕ್ಕ ಒಬ್ಬಳೇ ಬಂದಳು. ಕೊಡೆ ಬಿಟ್ಟುಹೋಗಿದ್ದೆ ಎಂದಳು. ಕೊಡೆ ಅವಳ ಕೈಯಲ್ಲೇ ಇತ್ತು.

‘ಡಾಕ್ಟ್ರೆ, ನಾನೊಂದು ಹೇಳ್ತೇನೆ. ಬೈಬೇಡಿ.’

‘ಹೇಳಿ.’

‘ನಿನ್ನೆ ಅವಳು ಬಚ್ಚಲಲ್ಲಿದ್ದಾಗ ಬೊಳ್ಳುವಿಗೆ ಕಷಾಯ ಕೊಟ್ಟದ್ದು ನಾನು. ಎರಡೇ ಚಮಚ. ಮನೆಯವರೆಲ್ಲ ಕುಡೀಬೇಕಲ್ಲ, ಅವನೊಬ್ಬನನ್ನು ಬಿಡುದು ಹೇಗೆ? ಹೋದ ಮಳೆಗಾಲ ಅವನಿಗೆ ಶೀತ ಆಗಿತ್ತು. ವರ್ಷವಿಡೀ ಸೌಖ್ಯ ಇರ್ಲಿ ಅಂತ. ತುಂಬ ಒದ್ದಾಡಿದ. ಪಾಪ, ಕಹಿ ಅಲ್ವಾ? ಬಾಯಿ ತಂಪಾಗ್ಲಿ ಅಂತ ಮೆಂತೆ ಗಂಜಿ ಇಟ್ಟೆ. ಅದನ್ನು ಬಟ್ಟಲು ನೆಕ್ಕಿ ನೆಕ್ಕಿ ತಿಂದ.’

ನನಗೆ ಮೈಯೆಲ್ಲ ಉರಿಯಿತು. ‘ನಿನ್ನೆಯೇ ಬಾಯಿ ಬಿಡ್ಲಿಕ್ಕೆ ಎಂತ ಆಗಿತ್ತು ನಿಮಗೆ? ಡಾಕ್ಟ್ರ ಹತ್ತಿರ ಮುಚ್ಚಿಟ್ಟರೆ ಡಾಕ್ಟ್ರು ಎಂತ ಕವಡೆ ಹಾಕಿ ನೋಡುದಾ?’ ಎಂದು ಕಿರುಚಿದೆ. ಅವಳು ಸೆರಗಿನ ತುದಿಯನ್ನು ಹಿಂಡುತ್ತಾ ನಿಂತಳು.

‘ಅವಳಿಗೆ ಗೊತ್ತಾದರೆ ನನ್ನ ಮುಖ ನೋಡ್ಲಿಕ್ಕಿಲ್ಲ ಡಾಕ್ಟ್ರೆ. ನಮಗೆ ಬೇರೆ ಯಾರಿದ್ದಾರೆ? ಹೇಳ್ಬೇಡಿ.’

‘ನಾನು ಹೇಳುದಿಲ್ಲ. ನೀವೇ ಹೇಳ್ಬೇಕು’ ಎಂದೆ.

ಅವಳು ಹೋದ ಮೇಲೆ ಕುಳಿತು ಯೋಚಿಸಿದೆ. ಹಾಲೆಯೆಂದು ತಪ್ಪಿ ವಿಷದ ಕಾಸರಕ ಮರದ ತೊಗಟೆ ಅರೆದು ಪ್ರಾಣ ಕಳೆದುಕೊಂಡವರ ಸುದ್ದಿ ನಮ್ಮ ಕಡೆ ಆಗಾಗ ಕೇಳಿಬರುತ್ತದೆ. ಆದರೆ ಅಕ್ಕ ತಂಗಿ ಅದನ್ನೇ ಕುಡಿದು ಗಟ್ಟಿಮುಟ್ಟಾಗಿದ್ದರು, ಆದ್ದರಿಂದ ತೊಗಟೆ ಸರಿಯಾದದ್ದೇ. ಖಾರ ಕಷಾಯ ಪುಟ್ಟ ಹೊಟ್ಟೆಯನ್ನು ಸುಟ್ಟಿರಬೇಕು. ಅದಕ್ಕಿಂತ ಕೆಟ್ಟದ್ದು ಮಾಡಿದ್ದು ಗಂಜಿ. ಹುಲ್ಲಿಗೆ ಒಗ್ಗಿದ ಕರುಳಿಗೆ ಅನ್ನ, ಬೆಲ್ಲ, ತೆಂಗಿನ ಹಾಲು ಒಟ್ಟಿಗೆ ಬಿದ್ದರೆ ಒಳಗಿನ ಕೆಟ್ಟ ಕ್ರಿಮಿಗಳು ದುಪ್ಪಟ್ಟಾಗಿ ವಿಷ ಕಾರುತ್ತವೆ. ಅದರ ಮೇಲೆ ಕರುಳನ್ನು ನಿಧಾನ ಮಾಡುವ ಮಂಪರು ಬೇರೆ ಬಿದ್ದಿತ್ತು. ಇಲ್ಲದ ಹಲ್ಲುನೋವಿಗೆ ನಾನು ಮದ್ದು ಮಾಡುತ್ತಿದ್ದಾಗ ಒಳಗೆ ಬೇರೆಯದೇ ಬೇಯುತ್ತಿತ್ತು.

ಚಿಕಿತ್ಸೆ ಬದಲಾಯಿಸಿದೆ. ಕ್ರಿಮಿಗಳಿಗೆ ಒಂದು ಇಂಜೆಕ್ಷನ್ ನನ್ನ ಬಳಿಯೇ ಇತ್ತು. ವಿಷವನ್ನು ಹೀರಿಕೊಳ್ಳಲು ಒಂದು ಪುಡಿ ಬೇಕಿತ್ತು, ಮನುಷ್ಯರಿಗೆ ಕೊಲೆಸ್ಟ್ರಾಲ್ ಇಳಿಸಲು ಕೊಡುವಂಥದು. ಬೆಳ್ಳಾರೆಯಲ್ಲಿ ಇಲ್ಲ, ಸುಳ್ಯದಲ್ಲಿ ಇಲ್ಲ. ಫೋನು ಮಾಡುತ್ತಾ ಹೋದಂತೆ ಪುತ್ತೂರಿನ ಒಂದು ಮೆಡಿಕಲ್ ಶಾಪಿನಲ್ಲಿ ಸಿಕ್ಕಿತು. ನಮ್ಮಲ್ಲಿ ಇಂಥದ್ದಕ್ಕೆಲ್ಲ ಬಸ್ ಕಂಡಕ್ಟರೇ ಗತಿ. ಪೊಟ್ಟಣದ ಮೇಲೆ ಹೆಸರು ಬರೆದು ಅವರ ಕೈಗೆ ಕೊಟ್ಟರೆ ಸ್ಟ್ಯಾಂಡಿನಲ್ಲಿ ಇಳಿಸುತ್ತಾರೆ. ಮರುದಿನ ಬೆಳಗಿನ ಬಸ್ಸಿಗೆ ಹಾಕಿಸಿದೆ. ದಾರಿಯಲ್ಲಿ ಮರ ಬಿದ್ದು ಬಸ್ಸು ಅಲ್ಲೇ ನಿಂತಿತು. ನಾನು ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದುಕೊಂಡು, ಬಂದ ಪ್ರತಿ ಬಸ್ಸಿನ ಬಾಗಿಲಿಗೂ ಇಣುಕುತ್ತಾ ಕಾದೆ. ಕೊನೆಗೆ ಬಂದ ಕಂಡಕ್ಟರ್ ಪೊಟ್ಟಣ ಕೊಡುತ್ತಾ, ‘ಯಾರಿಗೆ ಮಾರಾಯ್ರೆ, ಇಷ್ಟು ಅರ್ಜೆಂಟು?’ ಎಂದು ಕೇಳಿದ. ಮೊಲಕ್ಕೆ ಎಂದೆ. ಅವನು ತಮಾಷೆಯೆಂದುಕೊಂಡು ನಕ್ಕ.

ತಂಗಿ ಹೊಲಿಗೆಯ ನಡುವೆ ಹೊತ್ತು ಸಿಕ್ಕಾಗಲೆಲ್ಲ ಓಡಿಬರುತ್ತಿದ್ದಳು. ಅವನ ಬದಿಯಲ್ಲಿ ಕುಳಿತು ಬ್ಲೌಸಿಗೆ ಹುಕ್ಕು ಹಾಕುತ್ತಾ ಗುನುಗುತ್ತಿದ್ದಳು. ಅವನು ಮೆಲ್ಲಗೆ ತಲೆ ತೂಗಿದ.

‘ತಾಳ ಮರೀಲಿಲ್ಲ ನೋಡಿ’ ಎಂದಳು.

ಸುಳ್ಳುಗಳಿಂದ ರೋಸಿಹೋಗಿದ್ದ ನನಗೆ ಅದನ್ನೂ ಸಹಿಸಲಾಗಲಿಲ್ಲ. ‘ಅದು ತಾಳ ಅಲ್ಲ ಮಾರಾಯ್ತಿ. ಬಣ್ಣ ಇಲ್ಲದ ಕಣ್ಣಿಗೆ ಸರಿಯಾಗಿ ಕಾಣುದಿಲ್ಲ. ಎದುರು ಇರುದು ಎಂತ, ಎಷ್ಟು ದೂರ ಉಂಟು ಅಂತ ತಲೆ ಆಡಿಸಿ ಆಡಿಸಿ ಹುಡುಕುದು’ ಎಂದೆ. ಅವಳ ಮುಖ ಸಣ್ಣದಾಯಿತು. ತಲೆ ತಗ್ಗಿಸಿ ಇನ್ನೊಂದು ಹುಕ್ಕು ಹೊಲಿದಳು.

ಪುಡಿ ಕೊಟ್ಟ ಮರುದಿನ ಟವೆಲಿನ ಮೇಲೆ ಹಿಕ್ಕೆಗಳು ಬಿದ್ದಿದ್ದವು. ಸಣ್ಣವು, ಕೂದಲಿನಲ್ಲಿ ಪೋಣಿಸಿದಂತೆ ಒಂದಕ್ಕೊಂದು ಅಂಟಿಕೊಂಡವು. ಆದರೂ ಹಿಕ್ಕೆಗಳೇ. ನಾನು ಅವನ್ನು ಕಾಗದದ ಮೇಲಿಟ್ಟು ತಂಗಿಗೆ ಪ್ರಸಾದ ಕೊಡುವ ಹಾಗೆ ತೋರಿಸಿದೆ. ಇಬ್ಬರೂ ಹುಚ್ಚರಂತೆ ನಕ್ಕೆವು. ಅವಳು ಕೂಡಲೇ ಅಕ್ಕನಿಗೆ ಫೋನು ಮಾಡಿದಳು. ಆ ಕಡೆಯಿಂದ ಬರೀ ಮೂಗು ಸೇದುವ ಸದ್ದು ಬಂತಂತೆ.

ಸಂಜೆಯಾಗುವಾಗ ಟವೆಲಿನ ಮೇಲೆ ಲೋಳೆ ಕಂಡಿತು. ನೀರಲ್ಲಿ ನೆನೆದ ಕಾಮಕಸ್ತೂರಿ ಬೀಜದ ಹಾಗೆ, ಹಿಕ್ಕೆಯ ಗುರುತೇ ಇಲ್ಲದ ಲೋಳೆ. ಹೀಗಾದ ಮೊಲ ಉಳಿದದ್ದನ್ನು ನಾನು ಕಂಡಿಲ್ಲ. ಮಂಗಳೂರಿನಲ್ಲಿದ್ದ ಪರಿಚಯದ ವೈದ್ಯರೊಬ್ಬರಿಗೆ ಫೋನು ಮಾಡಿದೆ. ಈ ಸ್ಥಿತಿಯಲ್ಲಿ ಬಸ್ಸಲ್ಲಿ ತಂದರೆ ದಾರಿಯಲ್ಲೇ ಹೋಗುತ್ತದೆ, ಅಲ್ಲೇ ಬೆಚ್ಚಗಿಡಿ ಎಂದರು. ಬೆಚ್ಚಗಿಟ್ಟೆ. ಸಲೈನ್ ಕೊಟ್ಟೆ, ನೋವಿನ ಮದ್ದು ಹೆಚ್ಚಿಸಿದೆ. ಬೆಳಗಾಗುವಾಗ ಅವನ ಹಿಂಗಾಲಿನ ರೋಮವೆಲ್ಲ ಹೊಲಸಿನಲ್ಲಿ ಅಂಟಿಕೊಂಡಿತ್ತು, ಹಲ್ಲು ಕಡಿಯುವ ಸದ್ದು ಕಿವಿ ಹತ್ತಿರ ಇಡದೆಯೂ ಕೇಳುತ್ತಿತ್ತು. ನನ್ನ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಅಷ್ಟು ನಿರಾಸೆ ಈ ಕೆಲಸದಲ್ಲಿ ನನಗೆ ಬೇರೆ ಯಾವತ್ತೂ ಆಗಿರಲಿಲ್ಲ.

ತಂಗಿ ಬಂದಾಗ ನೇರವಾಗಿ ಹೇಳಿದೆ. ‘ಇನ್ನು ಎಳೆದರೆ ನೋವು ಮಾತ್ರ. ಒಂದು ಇಂಜೆಕ್ಷನ್ ಕೊಟ್ಟು ಮಲಗಿಸುವ.’

ಅವಳು ಅವನ ಬೆನ್ನು ಸವರುತ್ತಾ ತಲೆಯಾಡಿಸಿದಳು. ‘ಆಯ್ತು. ಅಕ್ಕನನ್ನು ಕರೀಬೇಡಿ. ಅವಳಿಗೆ ತಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ.’

ಇಲ್ಲಿ ನಾನೊಂದು ನಿರ್ಧಾರ ಮಾಡಿದೆ. ವೈದ್ಯೆಯಾಗಿ ಅದು ನನಗೆ ಸಂಬಂಧಿಸಿದ್ದಲ್ಲ. ಆದರೆ ಇವನು ಹೋದ ಮೇಲೆ ಆ ಎರಡೂ ಜೀವಗಳು ಒಂದೇ ಮನೆಯಲ್ಲಿ, ನಡುವೆ ಈ ಗುಟ್ಟನ್ನಿಟ್ಟುಕೊಂಡು ವರ್ಷಗಟ್ಟಲೆ ಬದುಕುವುದು ನನಗೆ ಬೇಡವಾಗಿತ್ತು. ಅಕ್ಕನಿಗೆ ನಾನೇ ಫೋನು ಮಾಡಿದೆ. ‘ಅಂಗಡಿ ಮುಚ್ಚಿ ಬನ್ನಿ. ಹೇಳುದನ್ನು ಇವನ ಎದುರೇ ಹೇಳಿ’ ಎಂದೆ.

ಅಕ್ಕ ಬಂದಳು. ಕೊಡೆಯಿಲ್ಲದೆ, ತೊಯ್ದು ತೊಪ್ಪೆಯಾಗಿ. ಬಾಗಿಲು ದಾಟದೆ ಅಲ್ಲೇ ನಿಂತು ಒಂದೇ ಉಸಿರಿಗೆ ಹೇಳಿದಳು. ‘ಕಷಾಯ ಕೊಟ್ಟದ್ದು ನಾನು. ಗಂಜಿ ಕೊಟ್ಟದ್ದೂ ನಾನೇ.’

ತಂಗಿ ತಲೆಯೆತ್ತಲಿಲ್ಲ. ‘ಗೊತ್ತುಂಟು ಅಕ್ಕ.’

‘ಎಂತ ಗೊತ್ತುಂಟು?’

‘ಅವತ್ತು ಬೆಳಿಗ್ಗೆಯೇ ಗೊತ್ತಾಗಿತ್ತು. ಬಿಳಿ ಗದ್ದದಲ್ಲಿ ಕಂದು ಕಲೆ ಕಾಣದೆ ಇರ್ತದಾ? ಮೂಸಿ ನೋಡಿದೆ. ಡಾಕ್ಟ್ರು ಕಂಡರೆ ನಿನಗೆ ಬೈತಾರೆ ಅಂತ ಇಲ್ಲಿಗೆ ಹೊರಡುವಾಗ ಲೈನಿಂಗ್ ಬಟ್ಟೆ ಒದ್ದೆ ಮಾಡಿ ಒರೆಸಿದೆ.’

ಆ ಒದ್ದೆ ಗದ್ದ ಜೊಲ್ಲಾಗಿರಲಿಲ್ಲ. ಅಕ್ಕನಿಗೆ ಬೈಗುಳ ಬೀಳಬಾರದೆಂದು ಒರೆಸಿದ ನೀರಾಗಿತ್ತು. ಅದನ್ನು ನಂಬಿ ನಾನು ಹಲ್ಲು ಹುಡುಕಿದ್ದೆ, ಮಂಪರು ಕೊಟ್ಟಿದ್ದೆ, ಒಂದು ಹಗಲು ಒಂದು ಇರುಳು ಹಾಳು ಮಾಡಿದ್ದೆ. ನನಗೆ ಅಳು ಬಂತು, ಸಿಟ್ಟಿನ ಅಳು. ಇಬ್ಬರ ಕೆನ್ನೆಗೂ ಬಾರಿಸಬೇಕೆನಿಸಿತು. ಆದರೆ ಯಾವ ಕೆನ್ನೆಗೆ, ಯಾವ ತಪ್ಪಿಗೆ? ಒಬ್ಬಳು ಮೊಲದ ಮೇಲಿನ ಪ್ರೀತಿಗೆ ಕೊಟ್ಟಳು, ಇನ್ನೊಬ್ಬಳು ಅಕ್ಕನ ಮೇಲಿನ ಪ್ರೀತಿಗೆ ಒರೆಸಿದಳು.

ತಣ್ಣಗಾದ ಕಿವಿಯಲ್ಲಿ ರಕ್ತನಾಳ ಕುಗ್ಗಿಹೋಗಿತ್ತು. ಬಿಸಿನೀರಿನ ಚೀಲಕ್ಕೆ ಕಿವಿಯನ್ನು ಒತ್ತಿ ಹಿಡಿದು ಕಾದೆ. ಆ ಹೊತ್ತಿನಲ್ಲೇ ಅಕ್ಕ ಬಾಗಿಲಿನಿಂದ ‘ಬೊಳ್ಳೂ’ ಎಂದು ಕರೆದಳು. ಇಷ್ಟು ದಿನದಲ್ಲಿ ಮೊದಲ ಸಲ. ಟವೆಲಿನ ಮೇಲೆ ಬಿದ್ದುಕೊಂಡಿದ್ದ ತಲೆ ಸ್ವಲ್ಪ ಮೇಲೆದ್ದಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ತೂಗಿತು.

‘ನಿನ್ನನ್ನು ಹುಡುಕ್ತಾ ಇದ್ದಾನೆ’ ಎಂದಳು ತಂಗಿ. ‘ಅಲ್ಲಿ ನಿಂತರೆ ಅವನಿಗೆ ಕಾಣುದಿಲ್ಲ. ಹತ್ತಿರ ಬಾ ಅಕ್ಕ.’

ಅಕ್ಕ ಬಂದು ಮೊಣಕಾಲೂರಿ, ಅವನ ಮೂಗಿನ ಹತ್ತಿರ ಮುಖವಿಟ್ಟಳು. ರಕ್ತನಾಳ ಸಿಕ್ಕಿತು. ಮೊದಲು ನಿದ್ದೆಯ ಮದ್ದು, ಆಮೇಲೆ ಎರಡನೆಯದು. ಹಲ್ಲು ಕಡಿಯುವ ಸದ್ದು ನಿಂತಿತು. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡೆ. ತೆರೆದೇ ಇದ್ದ ಕಣ್ಣಿನ ಕೆಂಪು ನೋಡನೋಡುತ್ತ ತೆಳುವಾಗಿ ಬಿಳಿಚಿಕೊಂಡಿತು. ಡ್ರಾಪ್ಸ್ ಕೇಳಿಕೊಂಡು ಬಂದಿದ್ದರಲ್ಲ, ಆ ಕೆಂಪು.

ಅವನನ್ನು ಅದೇ ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರು. ಹೊರಡುವ ಮೊದಲು ಅಕ್ಕ ನನ್ನ ಕೈ ಹಿಡಿದುಕೊಂಡಳು.

‘ಡಾಕ್ಟ್ರೆ, ಒಂದು ಸತ್ಯ ಹೇಳಿ. ಅವತ್ತೇ ಗೊತ್ತಾಗಿದ್ದರೆ ಇವ ಉಳೀತಿದ್ದನಾ?’

ಉಳಿಯುತ್ತಿದ್ದ. ಖಂಡಿತ ಎನ್ನಲಾರೆ, ಆದರೆ ಬಹುಶಃ ಉಳಿಯುತ್ತಿದ್ದ. ಮಂಪರು ಕೊಡುತ್ತಿರಲಿಲ್ಲ, ಪುಡಿ ಅದೇ ಸಂಜೆಯ ಬಸ್ಸಿಗೆ ಬರುತ್ತಿತ್ತು, ದಾರಿಯಲ್ಲಿ ಆಗ ಮರ ಬಿದ್ದಿರಲಿಲ್ಲ. ತಂಗಿ ಬುಟ್ಟಿಯನ್ನು ಎದೆಗವಚಿಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಗದ್ದ ಒರೆಸಿದವಳು ಅವಳು.

‘ಇಲ್ಲ’ ಎಂದೆ. ‘ಅವತ್ತೇ ಹೇಳಿದ್ದರೂ ಇಷ್ಟೇ.’

ಅಕ್ಕ ದೊಡ್ಡ ಉಸಿರು ಬಿಟ್ಟು ತಂಗಿಯ ತಲೆಗೆ ಸೆರಗು ಮುಚ್ಚಿದಳು, ಮಳೆ ತಾಗದ ಹಾಗೆ. ತಂಗಿಯ ಕಣ್ಣು ನನ್ನ ಮುಖದಿಂದ ಕದಲಲಿಲ್ಲ. ಅವಳು ನಂಬಿರಲಿಲ್ಲ. ಆದರೆ ಅಕ್ಕನ ಎದುರು ಏನೂ ಕೇಳಲಿಲ್ಲ.